ಯಾರ ಎತ್ತರದಿಂದ ಕಂಡ ಚಿತ್ರ?

ನಮ್ಮ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ವಚನಕ್ಕೆ, ತತ್ವಪದಕ್ಕೆ, ಶಾಸನಕ್ಕೆ, ಗಡಿಭಾಗದ ಕನ್ನಡ ಶಾಲೆಗಳ ಅಳಲಿಗೆ ಪುಟಗಳ ಕೊರತೆಯಾಗಿದ್ದಿಲ್ಲ, ಆಗಲೂಬಾರದು. ಚಿತ್ರಕಲೆಗೆ ಮಾತ್ರ ಮುಖಪುಟವೊಂದೇ ನೆಲೆ. ಅಲ್ಲಿ ಭುವನೇಶ್ವರಿಯ ಚಿತ್ರವನ್ನೋ ಕೋಟೆಯ ಚಿತ್ರವನ್ನೋ ಅಚ್ಚು ಹಾಕುತ್ತೇವೆ, ಬರೆದವರು ಯಾರೆಂದು ಕೇಳದೆ ಪುಟ ತಿರುವುತ್ತೇವೆ. ಕನ್ನಡದಲ್ಲಿ ಇದು ಹೀಗೆಯೇ ಇರಬೇಕಾದ ಕಾರಣವಿಲ್ಲ. ಶಿವರಾಮ ಕಾರಂತರು 1930ರಷ್ಟು ಹಿಂದೆಯೇ 'ಭಾರತೀಯ ಚಿತ್ರಕಲೆ' ಎಂಬ ಗ್ರಂಥವನ್ನು ಹೊರತಂದರು. ಕಾದಂಬರಿಯನ್ನು ಓದುವವನು ಚಿತ್ರವನ್ನೂ ಓದಬಲ್ಲನೆಂಬ ಭರವಸೆಯಿಂದಲೇ ಆ ಕೆಲಸಕ್ಕೆ ಅವರು ಕೈ ಹಾಕಿರಬೇಕು. ಆ ಭರವಸೆಗೆ ಈಗ ತೊಂಬತ್ತು ವರ್ಷ ದಾಟಿದೆ. ಈ ಸಂಚಿಕೆಯ ಕೆಲವು ಪುಟಗಳನ್ನು ಚಿತ್ರ ಮತ್ತು ಛಾಯಾಚಿತ್ರಗಳ ಪ್ರದರ್ಶನಗಳಿಗೆ ಮೀಸಲಿಡಬೇಕೆಂದು ನಾವು ಹಟ ಹಿಡಿದದ್ದು ಆ ಕಾರಣಕ್ಕಾಗಿಯೇ.

ಪ್ರದರ್ಶನಗಳನ್ನು ನೋಡಲು ಹೊರಟವರು ಎಲ್ಲಿಂದ ಹೊರಟರೆಂಬುದನ್ನು ಮೊದಲು ಹೇಳಿಬಿಡುವುದು ಒಳಿತು. ಜಹೀರಾಬಾದ ಮತ್ತು ನಾರಾಯಣಖೇಡ 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆಯ ಕಾಗದದಲ್ಲಿ ನಿರ್ಣಾ ಭಾಗವೊಂದನ್ನು ಬೀದರಿಗೆ ಉಳಿಸಿ, ಮಿಕ್ಕ ಜಹೀರಾಬಾದ ತಾಲೂಕನ್ನೂ ನಾರಾಯಣಖೇಡವನ್ನೂ ತಾಂಡೂರನ್ನೂ ಆಂಧ್ರಪ್ರದೇಶಕ್ಕೆ ಸೇರಿಸಲಾಯಿತು. ಈಗ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಯವು, ತಾಂಡೂರು ವಿಕಾರಾಬಾದ ಜಿಲ್ಲೆಯದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಎಂಬ ನಮ್ಮ ದಿನಚರಿ ಬಲ್ಲವರಿಗೆ ಹೊಸದೇನಲ್ಲ. ಕಲಾವಸ್ತು ಸಂಗ್ರಹಾಲಯದ ವಿಷಯದಲ್ಲೂ ನಮ್ಮದು ಇದೇ ಸ್ಥಿತಿ. ಮೂರು ಊರುಗಳಲ್ಲಿ ಯಾವುದರಲ್ಲಿಯೂ ಚಿತ್ರಶಾಲೆಯೆಂಬುದಿಲ್ಲ. ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಹೈದರಾಬಾದು. ಒಂದು ರಾತ್ರಿಯ ಪ್ರಯಾಣಕ್ಕೆ ಬೆಂಗಳೂರು. ಎರಡೂ ನಮ್ಮವು, ಎರಡರಲ್ಲೂ ನಾವು ಅತಿಥಿಗಳು. ಅತಿಥಿಯ ಕಣ್ಣಿಗೆ ಮನೆಯವರಿಗೆ ಕಾಣದ ಕೆಲವು ಸಂಗತಿಗಳು ಕಾಣುತ್ತವೆ. ತಾಂಡೂರಿನವರಾದರೆ ಗೋಡೆಯ ಚಿತ್ರಕ್ಕಿಂತ ಮೊದಲು ನೆಲದ ಹಾಸುಗಲ್ಲು ನೋಡುತ್ತಾರೆಂಬುದು ನಮ್ಮೊಳಗಿನ ಹಳೆಯ ವಿನೋದ.

ಆದರೆ ಚಿತ್ರವನ್ನು ಅಳೆಯುವ ಕೋಲನ್ನು ನಾವು ಹೈದರಾಬಾದಿನಿಂದಲೂ ತರಬೇಕಾಗಿಲ್ಲ, ಬೆಂಗಳೂರಿನಿಂದಲೂ ತರಬೇಕಾಗಿಲ್ಲ. ಅದು ಜಹೀರಾಬಾದಿನ ಪಕ್ಕದ ಪಸ್ತಾಪುರದಲ್ಲಿಯೇ ಸಿದ್ಧವಾಗಿದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಸರನ್ನು ಕೇಳದವರು ನಮ್ಮ ಸೀಮೆಯಲ್ಲಿ ವಿರಳ. 1983ರಲ್ಲಿ ಅದನ್ನು ಗೆಳೆಯರೊಡನೆ ಕಟ್ಟಿದ ಪಿ.ವಿ. ಸತೀಶ್ ಮೈಸೂರಿನವರು, ಪಿರಿಯಾಪಟ್ಟಣದ ಹೆಸರನ್ನು ತಮ್ಮ ಹೆಸರಿನೊಳಗೇ ಹೊತ್ತ ಕನ್ನಡಿಗರು. ಅವರು ಮೂಲತಃ ಪತ್ರಕರ್ತರು, ದೂರದರ್ಶನದ ನಿರ್ಮಾಪಕರು. 1975–76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದ 'ಸೈಟ್' ಪ್ರಯೋಗದಲ್ಲಿ ದುಡಿದವರು. ಹಳ್ಳಿಗೆ ಚಿತ್ರವನ್ನು ಕಳಿಸುವ ಕೆಲಸ ಮಾಡಿದ ಆ ಮನುಷ್ಯ ಕೆಲವು ವರ್ಷಗಳ ಮೇಲೆ ಅದನ್ನು ತಿರುವುಮುರುವು ಮಾಡಿದರು: ಕ್ಯಾಮೆರಾವನ್ನೇ ಹಳ್ಳಿಯ ಕೈಗೆ ಕೊಟ್ಟರು. ಅಕ್ಷರ ಕಲಿಯದ, ಕೂಲಿನಾಲಿ ಮಾಡಿ ಬದುಕಿದ ದಲಿತ ಮಹಿಳೆಯರು ತೊಂಬತ್ತರ ದಶಕದ ಕೊನೆಯಲ್ಲಿ ವಿಡಿಯೋ ತೆಗೆಯುವುದನ್ನು ಕಲಿತು, ತಮ್ಮದೇ ಮಾಧ್ಯಮ ಬಳಗ ಕಟ್ಟಿಕೊಂಡರು. ವರಂಗಲ್ಲಿನ ಬಿಟಿ ಹತ್ತಿ ಬೆಳೆಗಾರರ ಸಂಕಟವನ್ನು ಕುರಿತ ಅವರ ಚಿತ್ರ ಹೊರದೇಶಗಳವರೆಗೂ ಹೋಯಿತು. ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೋ' ಆರಂಭವಾಯಿತು. ಸತೀಶ್ ಅವರು 2023ರ ಮಾರ್ಚ್ 19ರಂದು ನಮ್ಮನ್ನಗಲಿದರು.

ನಮಗಿಲ್ಲಿ ಮುಖ್ಯವಾದುದು ಆ ಮಹಿಳೆಯರು ಕ್ಯಾಮೆರಾದ ಕೋನಗಳಿಗೆ ಇಟ್ಟುಕೊಂಡ ಹೆಸರುಗಳು. ಮೇಲಿನಿಂದ ಕೆಳಕ್ಕೆ ನೋಡುವ ನೋಟ 'ಪಟೇಲ್ ಶಾಟ್'. ಊರ ಪಟೇಲನು ಎತ್ತರದಲ್ಲಿ ಕುಳಿತು ಅಂಗಳದಲ್ಲಿ ನಿಂತವರನ್ನು ನೋಡುವ ಬಗೆ ಅದು. ಕೆಳಗಿನಿಂದ ತಲೆಯೆತ್ತಿ ನೋಡುವುದು ಜೀತದಾಳಿನ ನೋಟ. ಕಣ್ಣಿನ ಮಟ್ಟಕ್ಕೆ ಕಣ್ಣಿಟ್ಟು ನೋಡುವುದು 'ಸಂಘಂ ಶಾಟ್'. ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕುಳಿತಾಗ ಒಬ್ಬರ ಮುಖ ಇನ್ನೊಬ್ಬರಿಗೆ ಹೀಗೆಯೇ ಕಾಣುತ್ತದೆಯಷ್ಟೆ. ದೊಡ್ಡ ಕಲಾಶಾಲೆಗಳಲ್ಲಿ ವರ್ಷಗಟ್ಟಲೆ ಕಲಿಸುವ ಪಾಠ ಮೂರು ಮಾತಿನಲ್ಲಿ ಮುಗಿದಿದೆ. ಕಲಾವಿಮರ್ಶೆಯಲ್ಲಿ 'ದೃಷ್ಟಿಕೋನ'ವೆಂದು ನಾವು ಸಲೀಸಾಗಿ ಬರೆದುಬಿಡುವ ಪದಕ್ಕೆ ಎತ್ತರವೂ ಉಂಟು, ಆ ಎತ್ತರಕ್ಕೆ ಒಡೆಯನೂ ಉಂಟು ಎಂಬುದನ್ನು ಹೊಲದಲ್ಲಿ ಬಗ್ಗಿ ಕೆಲಸ ಮಾಡಿದವರು ಹೇಳಬೇಕಾಯಿತು.

ಈ ಮೂರು ಮಾತುಗಳನ್ನು ಹಿಡಿದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯತ್ತ ನೋಡೋಣ. 'ಮ್ಯಾಪ್' ಎಂದು ಜನ ಕರೆಯುವ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಅಲ್ಲಿ 2023ರ ಫೆಬ್ರವರಿಯಲ್ಲಿ ತನ್ನ ಬಾಗಿಲು ತೆರೆಯಿತು. ಉಕ್ಕಿನ ಹಲಗೆಗಳನ್ನು ಹೊದ್ದು ನಿಂತ ಐದು ಅಂತಸ್ತಿನ ಕಟ್ಟಡ. ನೀರಿನ ತೊಟ್ಟಿಯ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದೆಂದು ಹೇಳುತ್ತಾರೆ. ಮೊದಮೊದಲಿಗೆ ಹೊರಗಿನಿಂದ ಅದು ಬ್ಯಾಂಕಿನ ತಿಜೋರಿಯಂತೆ ಕಂಡರೆ ತಪ್ಪಿಲ್ಲ. ಒಳಗಿನ ಮಾತೇ ಬೇರೆ. ಈ ಸಂಸ್ಥೆ ಮಾಡಿದ ಒಂದು ಮುಖ್ಯ ಕೆಲಸವೆಂದರೆ ತೈಲಚಿತ್ರ, ಛಾಯಾಚಿತ್ರ, ಜನಪದ ಚಿತ್ರ, ಸಿನಿಮಾ ಪೋಸ್ಟರು, ಬಟ್ಟೆಯ ಮೇಲಣ ಕಸೂತಿ ಇವುಗಳ ನಡುವಿನ ಜಾತಿಭೇದವನ್ನು ಬಹುಮಟ್ಟಿಗೆ ಒಪ್ಪದೆ ಹೋದದ್ದು. ಆರಂಭದ ಪ್ರದರ್ಶನಗಳಲ್ಲಿ ಒಂದು, ಕೋಟೇಶ್ವರ ಮೂಲದ ಎಲ್.ಎನ್. ತಲ್ಲೂರರ ಶಿಲ್ಪಗಳದು. ದೀಪವನ್ನೂ ಯಂತ್ರಬುದ್ಧಿಯನ್ನೂ ಎದುರುಬದುರು ನಿಲ್ಲಿಸಿದ ಆ 'ಚಿರಾಗ್-ಎ-ಎಐ' ಜಾಣತನದ ಕೆಲಸ. ನೋಡಿ ಮೆಚ್ಚಿ ಮುಂದೆ ಸಾಗಬಹುದು. ನಿಂತು ನೋಡಬೇಕಾದದ್ದು ಇನ್ನೆರಡು.

ಮೊದಲನೆಯದು ಜ್ಯೋತಿ ಭಟ್ಟರ ಛಾಯಾಚಿತ್ರಗಳ 'ಟೈಮ್ ಅಂಡ್ ಟೈಮ್ ಅಗೇನ್'. 1934ರಲ್ಲಿ ಗುಜರಾತಿನ ಭಾವನಗರದಲ್ಲಿ ಹುಟ್ಟಿದ ಜ್ಯೋತಿ ಭಟ್ಟರು ಬರೋಡದ ಕಲಾಶಾಲೆಯವರು, ಮುದ್ರಣಕಲೆಯಲ್ಲಿ ದೊಡ್ಡ ಹೆಸರು. 1967ರ ಸುಮಾರಿಗೆ ಗುಜರಾತಿನ ಜನಪದ ಕಲೆಯನ್ನು ಒಂದು ವಿಚಾರಗೋಷ್ಠಿಗಾಗಿ ಛಾಯಾಚಿತ್ರಗಳಲ್ಲಿ ದಾಖಲಿಸಲು ಹೋದವರು ಅದನ್ನೇ ದಶಕಗಳ ಕಾಲದ ವ್ರತವಾಗಿ ಮಾಡಿಕೊಂಡರು. ಗೋಡೆಯ ಮೇಲಿನ ಬರಹ, ನೆಲದ ಮೇಲಿನ ರಂಗೋಲಿ, ಮಣ್ಣಿನ ಉಬ್ಬುಚಿತ್ರ, ಮೈಮೇಲಿನ ಹಚ್ಚೆ ಎಲ್ಲವೂ ಅವರ ಕಪ್ಪುಬಿಳುಪು ಚಿತ್ರಗಳಲ್ಲಿವೆ. ರಾಜಸ್ಥಾನದ ಮೀನಾ ಮಹಿಳೆಯರು ಅಂಗಳದಲ್ಲಿ ಬರೆಯುವ ಮಾಂಡಣೆಯನ್ನು ಕಂಡಾಗ ನಮ್ಮ ಸೀಮೆಯ ಯಾವ ಹೆಣ್ಣುಮಗಳಿಗಾದರೂ ಬೆರಳ ತುದಿ ಚುರುಗುಟ್ಟದಿರದು. ಕನ್ನಡದವರಿಗೆ ರಂಗೋಲಿ, ತೆಲುಗಿನವರಿಗೆ ಮುಗ್ಗು. ಹೊಸ್ತಿಲು ಸಾರಿಸಿ ಚುಕ್ಕಿಯಿಡುವ ಕೈಗೆ ಭಾಷೆಯ ಗಡಿ ಕಾಣುವುದಿಲ್ಲ.

ಭಟ್ಟರ ಹಿರಿಮೆಯೆಂದರೆ ಅವರು ಕಲೆಯನ್ನು ಅದರ ಮನೆಯಿಂದ ಕಿತ್ತು ತರಲಿಲ್ಲ. ಬೇರೊಬ್ಬರಾಗಿದ್ದರೆ ಗೋಡೆಯ ಚಿತ್ತಾರವೊಂದನ್ನೇ ಹತ್ತಿರದಿಂದ ತೆಗೆದು, ಪುಸ್ತಕದಲ್ಲಿ ವಿನ್ಯಾಸವೆಂದು ಅಚ್ಚು ಹಾಕಿ ಮುಗಿಸುತ್ತಿದ್ದರು. ಇಲ್ಲಿ ಗೋಡೆಯ ಮುಂದೆ ಬರೆದವಳಿದ್ದಾಳೆ, ಅವಳ ಮಗುವಿದೆ, ಮಡಕೆ ಮಂಚಗಳಿವೆ. ಚಿತ್ತಾರದ ವಯಸ್ಸು ಮುಂದಿನ ಸಾರಣೆಯವರೆಗೆ ಮಾತ್ರವೆಂಬುದು ಅದನ್ನು ನೋಡಿದೊಡನೆ ತಿಳಿಯುತ್ತದೆ. ನೆಲದಲ್ಲಿ ಕುಳಿತು ಬರೆಯುವವಳ ಚಿತ್ರವನ್ನು ನಿಂತು ತೆಗೆದರೆ ಅದು ತಾನಾಗಿಯೇ ಪಟೇಲ್ ಶಾಟ್ ಆಗುತ್ತದೆ. ರಂಗೋಲಿ ಪೂರ್ತಿ ಕಾಣಬೇಕಾದರೆ ಮೇಲಿನಿಂದ ನೋಡದೆ ಗತಿಯಿಲ್ಲ. ಈ ಇಕ್ಕಟ್ಟು ಭಟ್ಟರಿಗೆ ಗೊತ್ತಿದೆ. ಕೆಲವು ಚಿತ್ರಗಳಲ್ಲಿ ಅವರು ವಿನ್ಯಾಸದ ಪೂರ್ಣತೆಯನ್ನು ಬಿಟ್ಟುಕೊಟ್ಟು ಬರೆಯುವವಳ ಮುಖದ ಮಟ್ಟಕ್ಕೆ ಇಳಿದಿದ್ದಾರೆ, ಮತ್ತೆ ಕೆಲವೆಡೆ ಮುಖವನ್ನು ಬಿಟ್ಟು ವಿನ್ಯಾಸವನ್ನು ಉಳಿಸಿಕೊಂಡಿದ್ದಾರೆ. ಎರಡನ್ನೂ ಒಟ್ಟಿಗೆ ಹಿಡಿಯಲಾಗದ ಆ ಒದ್ದಾಟವೇ ಅವರ ಚಿತ್ರಗಳಿಗೆ ಜೀವ ಕೊಟ್ಟಿದೆಯೆಂದು ನಮ್ಮ ಎಣಿಕೆ.

ಆದರೂ ಒಂದು ಮಾತನ್ನು ನುಂಗಿಕೊಳ್ಳಲಾರೆವು. ಚಿತ್ರಗಳ ಶೀರ್ಷಿಕೆಗಳನ್ನು ಸಾಲಾಗಿ ಓದುತ್ತ ಹೋದರೆ ಬಹುಪಾಲು ಕಡೆಗಳಲ್ಲಿ ಊರಿದೆ, ಸಮುದಾಯವಿದೆ, ಇಸವಿಯಿದೆ. ಬರೆದವಳ ಹೆಸರು ಇಲ್ಲ. ಛಾಯಾಚಿತ್ರದ ಕರ್ತೃವಿಗೆ ಪದ್ಮಶ್ರೀ, ಗೋಡೆಯ ಚಿತ್ರದ ಕರ್ತೃ 'ಒಬ್ಬ ಮಹಿಳೆ'. ಇದನ್ನು ಭಟ್ಟರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರು ಹಳ್ಳಿ ಸುತ್ತುತ್ತಿದ್ದ ಕಾಲದಲ್ಲಿ ಜನಪದ ಕಲೆಗೆ ಕರ್ತೃವಿಲ್ಲವೆಂದು ವಿದ್ವಾಂಸರೇ ಒಪ್ಪಿದ್ದರು. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇಳಿದರೂ ಶೀರ್ಷಿಕೆ ಇಳಿಯದೆ ನಿಂತರೆ ಪಟೇಲ್ ಶಾಟ್ ಅಕ್ಷರದ ರೂಪದಲ್ಲಿ ಉಳಿದುಕೊಂಡಿತೆಂದೇ ಅರ್ಥ. ಇದೇ ದೂರು ಹೈದರಾಬಾದಿನ ಸಾಲಾರಜಂಗ್ ಸಂಗ್ರಹಾಲಯದ ಬಿದ್ರಿ ವಿಭಾಗದಲ್ಲೂ ನಮ್ಮನ್ನು ಕಾಡುತ್ತದೆ. ಸತು ತಾಮ್ರಗಳ ಎರಕದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಬೀದರ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಕಪ್ಪಾಗಿಸಿದ ಹುಕ್ಕಾ, ಹೂಜಿ, ತಟ್ಟೆಗಳು ಗಾಜಿನ ಹಿಂದೆ ಮಿರುಗುತ್ತವೆ. ಊರು ಇದೆ, ಶತಮಾನ ಇದೆ. ಬಿದ್ರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಾಗ ಬೀದರಿನವರಷ್ಟೇ ಜಹೀರಾಬಾದಿನವರೂ ಹಿಗ್ಗಿದರು. ಆ ಹಿಗ್ಗಿನಲ್ಲಿ ಶತಮಾನಗಳ ಹೆಸರಿಲ್ಲದ ಕೈಗಳ ಪಾಲೂ ಇತ್ತು.

ಮ್ಯಾಪ್‌ನ ಎರಡನೆಯ ಪ್ರದರ್ಶನ 'ವಿಸಿಬಲ್/ಇನ್‌ವಿಸಿಬಲ್'. ಕಲೆಯಲ್ಲಿ ಹೆಣ್ಣು ಕಂಡ ಬಗೆಯನ್ನೂ ಕಾಣದೆ ಹೋದ ಬಗೆಯನ್ನೂ ಕುರಿತದ್ದು. ಸಂಗ್ರಹದಿಂದಲೇ ಆಯ್ದ ಸುಮಾರು 130 ಕೃತಿಗಳು. ಹತ್ತನೆಯ ಶತಮಾನದ ಶಿಲ್ಪದಿಂದ ಹಿಡಿದು ಇಂದಿನವರೆಗೆ. ದೇವಿ ಮತ್ತು ಮಾನವಿ, ಕಾಮ ಮತ್ತು ಬಯಕೆ, ಅಧಿಕಾರ ಮತ್ತು ಹಿಂಸೆ, ಹೋರಾಟ ಮತ್ತು ಪ್ರತಿರೋಧ ಎಂದು ನಾಲ್ಕು ಭಾಗ. ಪುರಾತನ ವಿಗ್ರಹವೂ ಜನಪ್ರಿಯ ಸಂಸ್ಕೃತಿಯ ಅಚ್ಚಿನ ಚಿತ್ರವೂ ಒಂದೇ ವಾದದೊಳಗೆ ಬಂದದ್ದು ಧೈರ್ಯದ ಕೆಲಸ. ಆದರೆ ಭಾಗಗಳ ತಲೆಬರಹಗಳು ನೋಡುವವರಿಗಿಂತ ಮುಂಚೆ ಓಡುತ್ತವೆ. 'ಹಿಂಸೆ' ಎಂದು ಗೋಡೆಯೇ ಹೇಳಿದ ಮೇಲೆ ಚಿತ್ರದಲ್ಲಿರುವ ಮೌನವನ್ನೋ ಹಾಸ್ಯವನ್ನೋ ಕಾಣಲು ಕಣ್ಣಿಗೆ ಬಿಡುವಿರುವುದಿಲ್ಲ. ಸಾಹಿತ್ಯದವರಾದ ನಮಗೆ ಈ ರೋಗ ಪರಿಚಿತ. ಮುನ್ನುಡಿಯೇ ಕವಿತೆಯನ್ನು ಓದಿ ಮುಗಿಸಿಬಿಡುವ ಕವನಸಂಕಲನಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇಷ್ಟಾಗಿಯೂ ಈ ಪ್ರದರ್ಶನಕ್ಕೆ ನಮ್ಮ ಮೆಚ್ಚುಗೆಯೇ ಹೆಚ್ಚು: ಹೆಣ್ಣು ಚಿತ್ರದ ವಸ್ತುವಾಗಿದ್ದ ಕಡೆಯಿಂದ ಚಿತ್ರ ಬರೆಯುವವಳಾದ ಕಡೆಗೆ ಅದು ನೋಡುವವರನ್ನು ನಡೆಸಿಕೊಂಡು ಹೋಯಿತು. ಪಸ್ತಾಪುರದ ಕ್ಯಾಮೆರಾ ನಡೆದ ದಾರಿಯೂ ಅದೇ ಆಗಿತ್ತು, ಅದೂ ಕಾಲು ಶತಮಾನದ ಹಿಂದೆ.

ಟಿ.ಎಸ್. ಸತ್ಯನ್ ಅವರ ಚಿತ್ರಭಂಡಾರವೂ ಈಗ ಮ್ಯಾಪ್‌ನ ಆಶ್ರಯದಲ್ಲಿದೆ. 'ವಿತ್ ಗ್ರೇಟ್ ಈಸ್' ಎಂಬ ಹೆಸರಿನಲ್ಲಿ ಅದರ ಆಯ್ದ ಭಾಗ ಜನರ ಮುಂದೆ ಬಂತು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸತ್ಯನ್ 2009ರಲ್ಲಿ ತೀರಿಕೊಳ್ಳುವವರೆಗೂ ಸಾಮಾನ್ಯರ ದಿನಗಳನ್ನು ಸೆರೆಹಿಡಿದರು. ಗೋವಾ ವಿಮೋಚನೆಯ ವರದಿಗೆ ಹೋದವರು, ಸಿಡುಬು ನಿರ್ಮೂಲನದ ಕಾರ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಮಕ್ಕಳ ಚಿತ್ರ ತೆಗೆಯುವುದು ಎಲ್ಲಕ್ಕಿಂತ ಕಠಿಣ. ದೊಡ್ಡವನ ಕೈಯಲ್ಲಿರುವ ಕ್ಯಾಮೆರಾ ಮಗುವಿನ ಮಟ್ಟಿಗೆ ಸದಾ ಪಟೇಲ್ ಶಾಟೇ. ಸತ್ಯನ್ ಮೊಣಕಾಲೂರಿದ ಛಾಯಾಗ್ರಾಹಕರು. ಅವರ ಮಕ್ಕಳು ನಮ್ಮನ್ನು ನೇರವಾಗಿ ನೋಡುತ್ತವೆ, ಅಥವಾ ನಮ್ಮನ್ನು ಲೆಕ್ಕಕ್ಕೇ ಇಡದೆ ತಮ್ಮ ಆಟದಲ್ಲಿರುತ್ತವೆ. ಎರಡೂ ಸಮಾನರ ನಡತೆ. ದಾರಿದ್ರ್ಯವನ್ನು ತೋರಿಸುವಾಗಲೂ ಅವರು ಮರುಕವನ್ನು ಬೇಡುವುದಿಲ್ಲ. ಅವರ ಚಿತ್ರಗಳು ಹಿತವಾಗಿವೆ, ಸಿಟ್ಟಿಲ್ಲ, ಆದ್ದರಿಂದ ಸಪ್ಪೆಯೆಂದು ಆಕ್ಷೇಪಿಸುವವರಿದ್ದಾರೆ. ಸಿಟ್ಟಿನ ಚಿತ್ರಕ್ಕಿಂತ ಸೌಜನ್ಯದ ಚಿತ್ರ ಹೆಚ್ಚು ಕಾಲ ಬಾಳುವುದನ್ನು ಕಂಡಿರುವ ನಾವು ಆ ಆಕ್ಷೇಪವನ್ನು ಒಪ್ಪುವುದಿಲ್ಲ. ಮೈಸೂರಿನ ಇಬ್ಬರಲ್ಲಿ ಸತ್ಯನ್ ತಾವೇ ಬಗ್ಗಿ ಆ ಎತ್ತರವನ್ನು ಕಂಡುಕೊಂಡರು. ಸತೀಶ್ ಆ ಎತ್ತರದಲ್ಲಿದ್ದವರಿಗೇ ಕ್ಯಾಮೆರಾ ಕೊಟ್ಟರು. ಎರಡನೆಯ ದಾರಿಗೆ ಕಲಾವಿಮರ್ಶೆಯಲ್ಲಿ ಇನ್ನೂ ಜಾಗ ಸಿಕ್ಕಿಲ್ಲ.

ಹೈದರಾಬಾದಿನ ಕಡೆ ತಿರುಗಿದರೆ, ಮಾಧಾಪುರದ ಸ್ಟೇಟ್ ಗ್ಯಾಲರಿ ಆಫ್ ಆರ್ಟ್ ನಮ್ಮವರು ಒಂದೇ ದಿನದಲ್ಲಿ ಹೋಗಿ ಬರಬಹುದಾದ ಸ್ಥಳ. 2015ರಿಂದ ನಡೆಯುತ್ತ ಬಂದ ಇಂಡಿಯನ್ ಫೋಟೋಗ್ರಫಿ ಫೆಸ್ಟಿವಲ್‌ನ ಮುಖ್ಯ ಪ್ರದರ್ಶನಗಳು ಇಲ್ಲಿಯೇ. ದೇಶವಿದೇಶಗಳ ಛಾಯಾಗ್ರಾಹಕರ ಕೃತಿಗಳು ನೂರಾರು ಸಂಖ್ಯೆಯಲ್ಲಿ ಬರುತ್ತವೆ. ಸಂಖ್ಯೆಯೇ ಇಲ್ಲಿ ಶತ್ರು. ಯುದ್ಧ, ಪ್ರವಾಹ, ಹಿಮಕರಡಿ, ಮದುವೆ ಎಲ್ಲವೂ ಒಂದರ ಪಕ್ಕ ಒಂದು ಬಂದಾಗ ನೋಡುವವನ ಮನಸ್ಸು ಸಂತೆಯಲ್ಲಿ ತಿರುಗಿದಂತಾಗುತ್ತದೆ. ಆದರೂ ಕಾಲೇಜು ಓದುವ ನಮ್ಮ ಹುಡುಗರು ಮೊಬೈಲಿನ ಅಂಗೈಯಗಲದ ಚಿತ್ರಕ್ಕೂ ಗೋಡೆಯ ಮೇಲಣ ಮುದ್ರಿತ ಚಿತ್ರಕ್ಕೂ ಇರುವ ಅಂತರವನ್ನು ಇಲ್ಲಿ ಕಲಿಯಬಹುದು. ನೆರಳಿನೊಳಗೂ ವಿವರವಿರುತ್ತದೆಂಬುದು ಪರದೆಯ ಮೇಲೆ ತಿಳಿಯುವುದಿಲ್ಲ.

ತೆಲಂಗಾಣದ ಚಿತ್ರಕಾರರಲ್ಲಿ ಇಬ್ಬರ ಹೆಸರು ಇಲ್ಲಿ ಬರಲೇಬೇಕು. ಕೆ. ಲಕ್ಷ್ಮಾ ಗೌಡರು 1940ರಲ್ಲಿ ಅಂದಿನ ಮೆದಕ ಜಿಲ್ಲೆಯ ನಿಜಾಂಪುರದಲ್ಲಿ ಹುಟ್ಟಿದವರು. 1956ರ ನಂತರದ ಲೆಕ್ಕದಲ್ಲಿ ಜಹೀರಾಬಾದಿಗೂ ಅವರ ಊರಿಗೂ ಒಂದೇ ಜಿಲ್ಲೆ. ಅವರ ಲೋಹಮುದ್ರಣ ಚಿತ್ರಗಳ ಆಡು, ಬೇಲಿ, ಒರಟು ಮೈಯ ಗಂಡುಹೆಣ್ಣುಗಳು ಹಳ್ಳಿಯನ್ನು ಮುಗ್ಧವೆಂದು ನಂಬಿದವರನ್ನು ಬೆಚ್ಚಿಬೀಳಿಸುತ್ತವೆ. ತೋಟ ವೈಕುಂಠಂ ಅವರ ಕಥೆ ಬೇರೆ. ದೊಡ್ಡ ಕುಂಕುಮ, ಕೆಂಪು ಹಳದಿಯ ಸೀರೆ, ತುಂಬಿದ ಮುಖದ ತೆಲಂಗಾಣದ ಹೆಂಗಸು ಅವರ ಮುದ್ರೆಯಾಗಿದ್ದಾಳೆ. ಹೋಟೆಲಿನ ಗೋಡೆ, ಕ್ಯಾಲೆಂಡರು, ಕೈಚೀಲಗಳ ಮೇಲೆ ಅವಳ ನಕಲುಗಳು ಎಷ್ಟೋ. ನಕಲು ಹೆಚ್ಚಿದಷ್ಟೂ ಮೂಲವನ್ನು ನೋಡುವುದು ಕಷ್ಟವಾಗುತ್ತದೆ. ಬಿ. ನರಸಿಂಗರಾವ್ ಅವರ 'ದಾಸಿ' ಚಲನಚಿತ್ರಕ್ಕೆ ಕಲಾನಿರ್ದೇಶನ ಮಾಡಿ ರಾಷ್ಟ್ರಪ್ರಶಸ್ತಿ ಪಡೆದವರು ಇದೇ ವೈಕುಂಠಂ. ದೊರೆಯ ಗಡಿಯೊಳಗೆ ಜೀತಕ್ಕಿದ್ದ ಹೆಣ್ಣಿನ ಕಥೆಯದು. ಆ ಗೋಡೆಗಳ ಬಣ್ಣ, ಬಾಗಿಲುಗಳ ಎತ್ತರ, ಅಂಗಳದ ಖಾಲಿತನ ಇವುಗಳನ್ನು ಅರಿತ ಕಲಾವಿದರೇ ಆ ತುಂಬುಮುಖದ ಹೆಂಗಸರನ್ನು ಬರೆದರೆಂದು ತಿಳಿದ ಮೇಲೆ ಅವರ ಓರೆನೋಟ ಬರಿಯ ಚೆಲುವಾಗಿ ಉಳಿಯುವುದಿಲ್ಲ. ಚೌಕಟ್ಟಿನ ಅಂಚಿನವರೆಗೂ ತುಂಬಿಕೊಂಡು ನಿಂತ ಅವರನ್ನು ಮೇಲಿನಿಂದ ನೋಡಲು ಯಾರಿಗೂ ಜಾಗವೇ ಇಲ್ಲ.

ಪಟೇಲ್ ಶಾಟಿನ ಪೂರ್ವಜರನ್ನು ನೋಡಬೇಕೆಂದರೆ ನಿಜಾಮರ ಕಾಲದ ಛಾಯಾಚಿತ್ರಗಳಿವೆ. ರಾಜಾ ದೀನ್ ದಯಾಳ್ ಅವರನ್ನು ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರು 1894ರಲ್ಲಿ ಆಸ್ಥಾನದ ಛಾಯಾಗ್ರಾಹಕರನ್ನಾಗಿ ನೇಮಿಸಿಕೊಂಡರು. ಅರಮನೆ, ಬೇಟೆ, ಔತಣ, ಸೈನ್ಯದ ಕವಾಯತು; ಬೆಳಕಿನ ಮೇಲೆ ಅವರಿಗಿದ್ದ ಹಿಡಿತ ಇಂದಿಗೂ ಬೆರಗು. ಆದರೆ ಬರಗಾಲದ ಪರಿಹಾರ ಕಾಮಗಾರಿಗಳನ್ನು ತೆಗೆಯುವಾಗ ಅದೇ ಕಣ್ಣಿಗೆ ಜನರು ಕಾಣುವುದು ಸಾಲುಸಾಲಾಗಿ, ಸರ್ಕಾರದ ಒಳ್ಳೆಯತನಕ್ಕೆ ಸಾಕ್ಷಿಗಳಾಗಿ. ಬೀದರವೂ ಗುಲಬರ್ಗವೂ ಅಂದು ಅದೇ ಸಂಸ್ಥಾನದಲ್ಲಿದ್ದುವು. ನಮ್ಮ ಮುತ್ತಜ್ಜ ಮುತ್ತಜ್ಜಿಯರು ಒಂದು ವೇಳೆ ಅಂಥ ಚಿತ್ರದಲ್ಲಿ ಬಂದಿದ್ದರೂ ಸಾಲಿನಲ್ಲಿ ಬಂದಿರುತ್ತಿದ್ದರು, ಹೆಸರಿನಲ್ಲಲ್ಲ. ದೀನ್ ದಯಾಳರೇ 1892ರಲ್ಲಿ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದು, ಪರದೆಯ ಹೆಂಗಸರ ಚಿತ್ರ ತೆಗೆಯಲು ಒಬ್ಬ ಆಂಗ್ಲ ಮಹಿಳೆಯನ್ನು ನೇಮಿಸಿದ್ದರೆಂಬುದೂ ನೆನಪಿಡತಕ್ಕ ಸಂಗತಿ. ಹೆಣ್ಣನ್ನು ಹೆಣ್ಣಿನ ಕಣ್ಣು ನೋಡಬೇಕೆಂಬ ಏರ್ಪಾಡು ಈ ನೆಲದಲ್ಲಿ ಅಷ್ಟು ಹಳೆಯದು, ಕಾರಣ ಬೇರೆಯಾಗಿದ್ದರೂ.

ಮೂರು ಶಾಟುಗಳ ಅಳತೆಗೋಲು ಎಲ್ಲ ಕಡೆಯೂ ನಡೆಯುತ್ತದೆಯೆ? ಎಲ್ಲ ಕಡೆಯೂ ಇಲ್ಲ. ಕಲಬುರಗಿಯ ಎಸ್.ಎಂ. ಪಂಡಿತರ ಮುಂದೆ ಅದು ತಡವರಿಸುತ್ತದೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಶಂಕರರಾವ್ ಆಳಂದಕರರಲ್ಲಿ ಮೊದಲ ಪಾಠ ಕಲಿತು, ಮದರಾಸು ಮುಂಬಯಿಗಳಲ್ಲಿ ಬೆಳೆದ ಪಂಡಿತರು ಸಿನಿಮಾ ಪೋಸ್ಟರುಗಳನ್ನೂ ಪೌರಾಣಿಕ ಚಿತ್ರಗಳನ್ನೂ ಬರೆದು ದೇಶದ ಮನೆಮನೆಯನ್ನು ಹೊಕ್ಕರು. ಅವರ ದೇವದೇವಿಯರನ್ನು ನೋಡುವವನು ತಲೆಯೆತ್ತಿಯೇ ನೋಡಬೇಕು. ಬೆಳಕೂ ಹಾಗೆಯೇ ಬೀಳುತ್ತದೆ. ಇದನ್ನು ಜೀತದಾಳಿನ ನೋಟವೆನ್ನಲಾದೀತೆ? ಭಕ್ತಿಯಿಂದ ಎತ್ತಿದ ತಲೆ ಬೇರೆ, ಭಯದಿಂದ ಎತ್ತಿದ ತಲೆ ಬೇರೆ. ಸಿನಿಮಾ ತಾರೆಯರಿಗೂ ಅದೇ ಕೋನವನ್ನೂ ಅದೇ ಪ್ರಭೆಯನ್ನೂ ಕೊಟ್ಟಾಗ ಮಾತ್ರ ಪಂಡಿತರು ನಮ್ಮನ್ನು ಯೋಚನೆಗೆ ಹಚ್ಚುತ್ತಾರೆ. ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಸಭೆ ಸಮಾರಂಭಗಳಿಗೆಂದು ಅಲ್ಲಿಗೆ ಹೋದವರು ನಮ್ಮಲ್ಲಿ ಬಹಳ ಮಂದಿ. ಅವರ ಮೂಲ ತೈಲಚಿತ್ರವೊಂದರ ಮುಂದೆ ಹತ್ತು ನಿಮಿಷ ನಿಂತವರು ಎಷ್ಟು ಮಂದಿಯೋ.

ನಾವು ನೋಡಿದ ಪ್ರದರ್ಶನಗಳಲ್ಲಿ ಅತಿ ಸಾರ್ಥಕವಾದುದು ಯಾವುದೆಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಕೆಲವರಿಗೆ ವಿಚಿತ್ರವೆನಿಸಬಹುದು. ಸಂಕ್ರಾಂತಿಯಿಂದ ಸುಮಾರು ಒಂದು ತಿಂಗಳ ಕಾಲ ಜಹೀರಾಬಾದಿನ ಸುತ್ತಣ ಹಳ್ಳಿಗಳಲ್ಲಿ ಸಾಗುವ 'ಪಾತ ಪಂಟಲ ಜಾತರ', ಹಳೆಯ ಬೆಳೆಗಳ ಜಾತ್ರೆ, ಅದು. ಸಿಂಗರಿಸಿದ ಎತ್ತಿನ ಗಾಡಿಗಳು, ಗಾಡಿಯ ಮೇಲೆ ಸಾಲಾಗಿ ಜೋಡಿಸಿದ ಬೀಜಗಳು: ಜೋಳ, ಸಜ್ಜೆ, ನವಣೆ, ಸಾವೆ, ತೊಗರಿ, ಹುರುಳಿ. ವಸ್ತುಸಂಗ್ರಹಾಲಯದ ಎಲ್ಲ ಲಕ್ಷಣಗಳೂ ಇಲ್ಲಿವೆ. ಸಂಗ್ರಹವಿದೆ, ವರ್ಗೀಕರಣವಿದೆ, ವಿವರಿಸಿ ಹೇಳುವವರಿದ್ದಾರೆ. ಬಣ್ಣಗಳ ಜೋಡಣೆಯಲ್ಲಿ ಯಾವ ಚಿತ್ರಕಾರನಿಗೂ ಸೋಲದ ಕಣ್ಣಿದೆ. ಕೆಂಪು ತೊಗರಿಯ ಪಕ್ಕದಲ್ಲಿ ಬಿಳಿ ಜೋಳವಿಟ್ಟವಳಿಗೆ ಅದು ಯಾಕೆ ಹಾಗೆಂದು ಗೊತ್ತು. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಜನರು ಸಂಗ್ರಹಾಲಯಕ್ಕೆ ಹೋಗುವುದಿಲ್ಲ, ಸಂಗ್ರಹಾಲಯ ಜನರ ಬಾಗಿಲಿಗೆ ಬರುತ್ತದೆ. ಪ್ರದರ್ಶಿತ ವಸ್ತುವನ್ನು ಮುಟ್ಟಬಾರದೆಂಬ ಫಲಕವೂ ಇಲ್ಲ. ಈ ಸೊಸೈಟಿಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದದ್ದು ಕೃಷಿಯ ಲೆಕ್ಕದಲ್ಲಿ. ಕಲೆಯ ಲೆಕ್ಕದಲ್ಲಿ ಅದನ್ನು ಇನ್ನೂ ಯಾರೂ ಎಣಿಸಿಲ್ಲ. ಮ್ಯಾಪ್‌ನಂಥ ಸಂಸ್ಥೆ ಬಟ್ಟೆಗೂ ಪೋಸ್ಟರಿಗೂ ಗೋಡೆ ಕೊಟ್ಟಿರುವಾಗ ಈ ಗಾಡಿಗೆ ಅಂಗಳವನ್ನಾದರೂ ಕೊಡಬಾರದೇಕೆ ಎಂಬುದು ನಮ್ಮ ಪ್ರಶ್ನೆ. ಕೊಟ್ಟರೆ ಅಲ್ಲಿ ಬೀಜದ ಪಕ್ಕದಲ್ಲಿ ಅದನ್ನು ಕಾಪಾಡಿದವಳ ಹೆಸರು ಇರಬೇಕೆಂಬುದು ನಮ್ಮ ಷರತ್ತು.

ಷರತ್ತು ಹಾಕುವವರ ಮನೆಯ ಸ್ಥಿತಿಯನ್ನೂ ನೋಡಬೇಕಷ್ಟೆ. ಸಂಘಗಳ ಹಳೆಯ ಆಲ್ಬಮ್ಮುಗಳನ್ನು ತೆರೆದರೆ ಎರಡೇ ಬಗೆಯ ಚಿತ್ರಗಳು ಹೆಚ್ಚು. ವೇದಿಕೆಯ ಮೇಲೆ ಶಾಲು ಹೊದ್ದ ಗಣ್ಯರು, ಕೆಳಗಿನಿಂದ ತೆಗೆದದ್ದು. ಕುರ್ಚಿಗಳಲ್ಲಿ ಕುಳಿತ ಸಭಿಕರು, ವೇದಿಕೆಯ ಮೇಲಿನಿಂದ ತೆಗೆದದ್ದು. ಪಸ್ತಾಪುರದ ಹೆಂಗಸರು ನೋಡಿದರೆ ಎರಡಕ್ಕೂ ಹೆಸರು ಹೇಳಲು ಅವರಿಗೆ ಕ್ಷಣವೂ ಬೇಡ. ಗಣ್ಯರ ಹೆಸರುಗಳು ಎಡದಿಂದ ಬಲಕ್ಕೆ ಅಚ್ಚಾಗಿವೆ. ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ತಾಯಂದಿರು, ಊಟದ ಮನೆಯಲ್ಲಿ ರೊಟ್ಟಿ ಬಡಿದವರು, ಚಪ್ಪರ ಹಾಕಿದವರು ಇವರ ಚಿತ್ರ ಇಲ್ಲ, ಇದ್ದರೂ ಹೆಸರಿಲ್ಲ.

ಇದಕ್ಕಿಂತ ಹಳೆಯ ಚಿತ್ರಗಳು ಸದಸ್ಯರ ಮನೆಗಳ ಪೆಟ್ಟಿಗೆಗಳಲ್ಲಿವೆ. ಬೀದರಿನಲ್ಲೋ ಗುಲಬರ್ಗದಲ್ಲೋ ಸ್ಟುಡಿಯೋಗೆ ಹೋಗಿ, ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ತೆಗೆಸಿಕೊಂಡವು; ಜಹೀರಾಬಾದ ಇನ್ನೂ ಬೀದರ ಜಿಲ್ಲೆಯಾಗಿದ್ದ ದಿನಗಳವು. ಅವುಗಳಲ್ಲಿ ಇರುವವರನ್ನು ಗುರುತಿಸಬಲ್ಲವರ ವಯಸ್ಸು ಈಗ ಎಂಬತ್ತು ದಾಟಿದೆ. ಸಂಘದ ಮುಂದಿನ ಸಭೆಗೆ ಅಂಥ ಚಿತ್ರಗಳನ್ನು ತರಬೇಕೆಂದು ಎಲ್ಲ ಮನೆಗಳನ್ನೂ ಕೇಳಿಕೊಂಡಿದ್ದೇವೆ. ಉದ್ದ ಮೇಜೊಂದರ ಮೇಲೆ, ಕುಳಿತವರ ಕಣ್ಣಿನ ಮಟ್ಟಕ್ಕೆ, ಅವುಗಳನ್ನು ಹರಡಿಡಲಾಗುವುದು. ಅಜ್ಜಿಯರು ಹೇಳಿದ ಹೆಸರು, ಊರು, ಇಸವಿಗಳನ್ನು ಮಕ್ಕಳು ಚಿತ್ರದ ಹಿಂಬದಿಯಲ್ಲಿ ಬರೆದುಕೊಳ್ಳಲಿ. ಬಾಲ್‌ಪೆನ್ನು ಬೇಡ. ಅದರ ಒತ್ತು ಮುಂಬದಿಯ ಮುಖದ ಮೇಲೆ ಮೂಡುತ್ತದೆ, ಮಸಿಯೂ ಕಾಲಕ್ರಮದಲ್ಲಿ ಇಳಿಯುತ್ತದೆ. ಮೆತ್ತನೆಯ ಸೀಸದ ಪೆನ್ಸಿಲಿನಲ್ಲಿ, ಅಂಚಿನ ಹತ್ತಿರ, ಹಗುರವಾಗಿ ಬರೆಯತಕ್ಕದ್ದು.